ಕಾಗದಕ್ಕೆ ಕೊಟ್ಟ ರೊಕ್ಕ

"ಒಟ್ಟ ಎಷ್ಟ ಖರ್ಚ ಆತು?" ಅಂತ ಮೊದಲು ಕೇಳಿದ್ದು ಅವ್ವ. ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿದ್ದೆವು. ನಾನು ಅಮೆರಿಕದ ಕೊಲಂಬಸ್‌ನಲ್ಲಿ, ಅವ್ವ ಗದಗ ಬೆಟಗೇರಿಯ ಮನೆಯಲ್ಲಿ. ಸುಮಾರು 34 ಸಾವಿರ ಡಾಲರ್ ಅಂದೆ. ಅವ್ವ ಬಿಡಲಿಲ್ಲ. "ನಮ್ಮ ರೊಕ್ಕದಾಗ ಹೇಳು." ಹತ್ತಿರ ಹತ್ತಿರ 28 ಲಕ್ಷ ಅಂದೆ. ಅವ್ವ ಕಣ್ಣು ಬೇರೆ ಕಡೆ ತಿರುಗಿಸಿದಳು. ಸ್ವಲ್ಪ ಹೊತ್ತು ಬಿಟ್ಟು, "ಕೂಸಿಗೆ ರೊಕ್ಕ ಕೊಟ್ಟಾಂಗ ಆಗಲಿಲ್ಲೇನ ಯವ್ವಾ?" ಅಂದಳು.

ಇಲ್ಲ ಅವ್ವಾ ಅಂದೆ. ಆದರೆ ಆವತ್ತು ಅದಕ್ಕಿಂತ ಮುಂದಕ್ಕೆ ನನಗೆ ಮಾತು ಬರಲಿಲ್ಲ. ಆ ಪ್ರಶ್ನೆಯನ್ನು ಆಮೇಲೆ ಬೇರೆಯವರೂ ಕೇಳಿದ್ದಾರೆ, ಕೆಲವರು ಬಾಯಿ ಬಿಟ್ಟು, ಕೆಲವರು ಬರೀ ಮುಖದಲ್ಲಿ. ನಮ್ಮ ಹಾಗೆ ವಿದೇಶದಲ್ಲಿದ್ದು ಊರಿನಿಂದ ಮಗುವನ್ನು ದತ್ತು ತಗೊಳ್ಳಬೇಕು ಅಂದುಕೊಂಡ ಇಬ್ಬರು ಮೂವರು ಕನ್ನಡದ ಕ್ರೈಸ್ತ ಕುಟುಂಬದವರು ಫೋನ್ ಮಾಡಿ ಲೆಕ್ಕ ಕೇಳಿದರು. ಅವರಿಗೂ ಅವ್ವನಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ನರ್ಸ್. ನಮ್ಮ ಮನೆಯವರು ಒಂದು ಗೋದಾಮಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ಇಬ್ಬರೂ ಅಮೆರಿಕದ ಪ್ರಜೆಗಳಾಗಿದ್ದೇವೆ, ಕೈಯಲ್ಲಿ ಒಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್ ಇದೆ. ಹಾಗಾಗಿ ಭಾರತದ ಕಾನೂನಿನ ಕಣ್ಣಿಗೆ ನಮ್ಮದು ಅಂತರದೇಶೀಯ ದತ್ತು. ಭಾರತದಲ್ಲೇ ಇರುವ ದಂಪತಿಗೆ ಸರ್ಕಾರ ಗೊತ್ತುಮಾಡಿದ ಶುಲ್ಕವೆಲ್ಲ ಸೇರಿ 60 ಸಾವಿರ ರೂಪಾಯಿಯ ಆಸುಪಾಸು ಆಗುತ್ತದೆ. ಇಂಡಿಯನ್ ಪಾಸ್‌ಪೋರ್ಟ್ ಇಟ್ಟುಕೊಂಡ ಎನ್‌ಆರ್‌ಐಗಳನ್ನು ಸರದಿಯಲ್ಲಿ ಊರಿನವರ ಸಮಕ್ಕೆ ನಿಲ್ಲಿಸುತ್ತಾರೆ. ಒಸಿಐ ಮತ್ತು ವಿದೇಶಿಯರ ಪಾಳಿ ಅವರ ನಂತರ. ಅದು ನ್ಯಾಯವೇ. ಮಗು ಮೊದಲು ತನ್ನ ನೆಲದಲ್ಲಿ ಬೆಳೆಯಲಿ ಅನ್ನುವುದು ಅಂತರದೇಶೀಯ ದತ್ತುವಿಗಾಗಿ ದೇಶಗಳು ಮಾಡಿಕೊಂಡ 1993ರ ಹೇಗ್ ಒಪ್ಪಂದದ ತಿರುಳು. ಭಾರತ 2003ರಲ್ಲಿ ಅದಕ್ಕೆ ಸೇರಿತು. ಅಮೆರಿಕದಲ್ಲಿ ಅದು 2008ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಅದಕ್ಕೇ ನಮ್ಮ ಪಾಳಿಗೆ ಬರುವ ಮಕ್ಕಳು ಸಾಮಾನ್ಯವಾಗಿ ಸ್ವಲ್ಪ ದೊಡ್ಡವರು, ಇಲ್ಲವೇ ಅಣ್ಣ-ತಂಗಿ ಜೊತೆಯಲ್ಲಿರುವವರು, ಇಲ್ಲವೇ ಏನಾದರೂ ಆರೋಗ್ಯದ ತೊಂದರೆ ಇರುವವರು. ನಮ್ಮ ಮಗಳಿಗೆ ಆಗ ಐದು ವರ್ಷ, ಒಂದು ಆಪರೇಷನ್ ಆಗಬೇಕಿತ್ತು. ಅಷ್ಟು ಸಾಕು. ಅದಕ್ಕಿಂತ ಜಾಸ್ತಿ ಹೇಳುವ ಹಕ್ಕು ಅವಳದು. ಅವಳು ಕರ್ನಾಟಕದವಳೇ ಆಗಿದ್ದು ನಾವು ಕೇಳಿ ಪಡೆದದ್ದಲ್ಲ. ಫೈಲ್‌ನಲ್ಲಿ "ಮಗು ಕನ್ನಡ ಮಾತಾಡುತ್ತದೆ" ಅಂತ ಓದಿದಾಗ ಅಡುಗೆಮನೆಯಲ್ಲಿ ನಿಂತವಳು ಅಲ್ಲೇ ಕೆಳಗೆ ಕೂತುಬಿಟ್ಟೆ.

ಈಗ ಲೆಕ್ಕ. ದೊಡ್ಡ ಪಾಲು, 13 ಸಾವಿರದ 500 ಡಾಲರ್, ಹೋಗಿದ್ದು ಇಲ್ಲಿಯ ದತ್ತು ಏಜೆನ್ಸಿಗೆ. ಭಾರತದ ಕೇಂದ್ರೀಯ ದತ್ತು ಪ್ರಾಧಿಕಾರ, ಅಂದರೆ ಎಲ್ಲರೂ ಕಾರಾ ಅನ್ನುವ ಸಂಸ್ಥೆ, ಅನುಮತಿ ಕೊಟ್ಟ ಏಜೆನ್ಸಿಯ ಮೂಲಕವೇ ನಾವು ಅರ್ಜಿ ಹಾಕಬೇಕು. ನೇರ ಹೋಗುವ ಹಾಗಿಲ್ಲ. ಮನೆಗೆ ಬಂದು ನಮ್ಮನ್ನು ಪರೀಕ್ಷಿಸುವ ಹೋಮ್ ಸ್ಟಡಿಗೆ 2,800. ನಮ್ಮ ಮದುವೆ ಹೇಗಿದೆ, ಸಾಲ ಎಷ್ಟಿದೆ, ಸಿಟ್ಟು ಬಂದರೆ ಏನು ಮಾಡುತ್ತೀರಿ, ಚಿಕ್ಕವರಿದ್ದಾಗ ನಿಮ್ಮನ್ನು ಹೊಡೆದಿದ್ದರಾ, ಎಲ್ಲಾ ಕೇಳಿದರು. ವಿದೇಶದಿಂದ ದತ್ತು ತಗೊಳ್ಳಲು ನಾವು ಅರ್ಹರು ಅಂತ ಒಪ್ಪಿಗೆ ಕೇಳುವ, ಅಮೆರಿಕದ ವಲಸೆ ಇಲಾಖೆಯ ಐ-800ಎ ಅರ್ಜಿಗೆ ಆಗ 775 ಡಾಲರ್, ಬೆರಳಚ್ಚಿಗೆ ತಲಾ 85. 2024ರ ಏಪ್ರಿಲ್‌ನಿಂದ ಬೆರಳಚ್ಚೂ ಸೇರಿ 920 ಆಗಿದೆ. ಕಾಗದಗಳಿಗೆ ನೋಟರಿ, ಹೊರದೇಶದಲ್ಲಿ ನಡೆಯುವಂತೆ ಸರ್ಕಾರ ಹಾಕುವ ಅಪೋಸ್ಟಿಲ್ ಮುದ್ರೆ, ಕೊರಿಯರ್, ಪೊಲೀಸ್ ಪತ್ರ, ವೈದ್ಯರ ಪತ್ರ, ಇವೆಲ್ಲಾ ಸೇರಿ 1,400. ಒಂದು ಪತ್ರದ ನೋಟರಿಯ ಅವಧಿ ಮುಗಿದಿತ್ತು ಅಂತ ಇಡೀ ಕಟ್ಟು ವಾಪಸ್ ಬಂದ ದಿನ ನಾನು ಕಾರಿನಲ್ಲಿ ಕೂತು ಅತ್ತಿದ್ದೇನೆ.

ಮಗುವನ್ನು ಕರೆತಂದ ಮೇಲೂ ಖರ್ಚು ನಿಲ್ಲುವುದಿಲ್ಲ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತೆ ಮನೆಗೆ ಬಂದು ಭಾರತಕ್ಕೆ ವರದಿ ಕಳಿಸಬೇಕು. ಒಟ್ಟು ಆರು ವರದಿಗೆ ನಮಗಾದದ್ದು 2,700. ವಿಮಾನ, ಲಾಡ್ಜ್, ದೆಹಲಿಯಲ್ಲಿ ವೀಸಾಕ್ಕಾಗಿ ಕಾದದ್ದು, ಎಲ್ಲಾ ಸೇರಿ ಆರು ಸಾವಿರ ದಾಟಿತು. ಮಗುವಿನ ವೀಸಾ ಶುಲ್ಕ 325.

ಇಷ್ಟರಲ್ಲಿ ಮಗುವನ್ನು ಸಾಕಿದ ಸಂಸ್ಥೆಗೆ ಹೋಗಿದ್ದು ಎಷ್ಟು ಗೊತ್ತಾ? 5,000 ಡಾಲರ್. ಕಾರಾ ನಿಯಮದಲ್ಲಿ ಬರೆದಿಟ್ಟ ಮೊತ್ತ ಅದು. ಬ್ಯಾಂಕ್ ಮೂಲಕ ಕಳಿಸಿದೆವು, ರಸೀದಿ ಬಂತು. ಅಲ್ಲಿ ಉಳಿದಿರುವ ಮಕ್ಕಳ ಊಟ, ಔಷಧ, ಆಯಾಗಳ ಸಂಬಳಕ್ಕೆ ಅದು. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೊಡುವ ಹಾಗಿಲ್ಲ, ದಾನದ ಹೆಸರಿನಲ್ಲೂ ಇಲ್ಲ.

ಇದು ನನಗೆ ಮೊದಲು ಪೂರ್ತಿ ಅರ್ಥವಾಗಿರಲಿಲ್ಲ. ಮಗಳನ್ನು ಕರೆದುಕೊಳ್ಳಲು ಹೋದಾಗ ಆ ಮನೆಯ ಅಡುಗೆಕೋಣೆ ನೋಡಿದೆ. ಮಿಕ್ಸರ್ ಕೆಟ್ಟು ಮೂಲೆಯಲ್ಲಿತ್ತು. ಆಯಾ ಒರಳಲ್ಲಿ ರುಬ್ಬುತ್ತಿದ್ದಳು, ಹಿಟ್ಟು ಮೊಣಕೈವರೆಗೂ ಹತ್ತಿತ್ತು. ಒಂದು ಮಿಕ್ಸರ್ ತಂದುಕೊಡುತ್ತೇನೆ ಅಂದೆ. ಮೇಲ್ವಿಚಾರಕಿ ಮೇಡಂ ಕೈ ಮುಗಿದರು. "ಬ್ಯಾಡ್ರಿ ಮೇಡಂ. ಹಂಗ ತಗೊಳ್ಳಾಂಗಿಲ್ಲ. ಇವತ್ತ ನಿಮ್ಮ ಕಡೆ ಮಿಕ್ಸರ್ ತಗೊಂಡ್ರ, ನಾಳೆ ಇನ್ನೊಬ್ರು ಕಾರ್ ಕೊಡ್ತೀನಿ, ಬೇಗ ಕೂಸ ಕೊಡ್ರಿ ಅಂತಾರ." ನನಗೆ ನಾಚಿಕೆಯಾಯಿತು. ಆಮೇಲೆ ಅವರ ಮೇಲೆ ತುಂಬಾ ಗೌರವ ಬಂತು.

ಅವರು ಹಾಗೆ ಹೇಳಲು ಕಾರಣವಿದೆ. 1980ರ ದಶಕದ ಮೊದಲು ಭಾರತದಿಂದ ಮಕ್ಕಳನ್ನು ಹೊರಗೆ ಕಳಿಸುವುದಕ್ಕೆ ಸರಿಯಾದ ಕಟ್ಟುಪಾಡೇ ಇರಲಿಲ್ಲ. ಲಕ್ಷ್ಮೀಕಾಂತ್ ಪಾಂಡೆ ಅನ್ನುವ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಅದನ್ನೇ ಅರ್ಜಿ ಅಂತ ತಗೊಂಡು ನ್ಯಾಯಮೂರ್ತಿ ಪಿ.ಎನ್. ಭಗವತಿ 1984ರಲ್ಲಿ ತೀರ್ಪು ಕೊಟ್ಟರು. ಅದರಿಂದಾಗಿ 1990ರಲ್ಲಿ ಕಾರಾ ಹುಟ್ಟಿತು. ಅಷ್ಟಾದರೂ ಪಿಡುಗು ನಿಲ್ಲಲಿಲ್ಲ. ಆಂಧ್ರದಲ್ಲಿ ಬಡ ಲಂಬಾಣಿ ತಾಂಡಾಗಳಿಂದ ಹೆಣ್ಣು ಶಿಶುಗಳನ್ನು ಕೊಂಡು ವಿದೇಶಕ್ಕೆ ಕಳಿಸಲು ಇಟ್ಟುಕೊಂಡಿದ್ದ ಹಗರಣ 2000ದ ಆಸುಪಾಸಿನಲ್ಲಿ ಹೊರಬಿತ್ತು. ಹಾಗೆ ಕೊಂಡವರಿಗೂ ಕೊಟ್ಟವರಿಗೂ ನಡುವೆ ಓಡಾಡಿದ್ದು ನಮ್ಮಂಥವರ ರೊಕ್ಕವೇ. ಒಳ್ಳೆಯ ಮನಸ್ಸಿನ, ಪ್ರಾರ್ಥನೆ ಮಾಡುವ, ಮಗುವಿಗಾಗಿ ಹಂಬಲಿಸುವ ಜನರ ರೊಕ್ಕ. ಹಾಗಾಗಿ ಅವ್ವ ಕೇಳಿದ್ದು ತಪ್ಪು ಪ್ರಶ್ನೆ ಅಲ್ಲ. ಅದನ್ನು ಎಲ್ಲರಿಗಿಂತ ಮೊದಲು ನಾವೇ ಕೇಳಿಕೊಳ್ಳಬೇಕು. ಏಜೆನ್ಸಿಯವರು ಒಪ್ಪಂದಕ್ಕೆ ಸಹಿ ಹಾಕಿಸುವ ಮೊದಲು ಖರ್ಚಿನ ಪಟ್ಟಿಯನ್ನು ಬರಹದಲ್ಲಿ ಕೊಡಲೇಬೇಕು ಅಂತ ಅಮೆರಿಕದಲ್ಲಿ ನಿಯಮ ಇದೆ. ದಯವಿಟ್ಟು ಕೇಳಿ ಪಡೆಯಿರಿ, ಒಂದೊಂದು ಸಾಲು ಓದಿ. ದೇವರ ಕೆಲಸ ಅಲ್ವಾ, ಲೆಕ್ಕ ಯಾಕೆ ಅಂತ ಸುಮ್ನೆ ಸಹಿ ಹಾಕಬೇಡಿ. ದೇವರ ಕೆಲಸ ಅಂತಲೇ ಲೆಕ್ಕ ಬೇಕು.

ಇಷ್ಟು ರೊಕ್ಕ ನಮ್ಮ ಹತ್ತಿರ ಇರಲಿಲ್ಲ. ಉಳಿತಾಯ 11 ಸಾವಿರ ಇತ್ತು. ನಾನು ವಾರಕ್ಕೆ ಒಂದು ರಾತ್ರಿ ಪಾಳಿ ಜಾಸ್ತಿ ಹಿಡಿದೆ, ಹದಿನಾಲ್ಕು ತಿಂಗಳು. ಒಂದು ಕ್ರೈಸ್ತ ನಿಧಿಯವರು 4,000 ಡಾಲರ್ ಅನುದಾನ ಕೊಟ್ಟರು, ಅದು ನಮ್ಮ ಕೈಗೆ ಬರದೆ ನೇರ ಏಜೆನ್ಸಿಗೆ ಹೋಯಿತು. ಇನ್ನೊಂದು ಕಡೆಯಿಂದ ಬಡ್ಡಿ ಇಲ್ಲದ ಸಾಲ 6,000. ಅಮೆರಿಕದ ತೆರಿಗೆಯಲ್ಲಿ ದತ್ತು ತಗೊಂಡವರಿಗೆ ರಿಯಾಯಿತಿ ಇದೆ, ನಮ್ಮ ವರ್ಷ 2023ಕ್ಕೆ ಗರಿಷ್ಠ 15,950 ಡಾಲರ್. ಆದರೆ ಅದನ್ನು ನೆಚ್ಚಿಕೊಂಡು ಹೊರಡಬೇಡಿ. ವಿದೇಶದ ದತ್ತುವಾದರೆ ಅದು ಪೂರ್ತಿ ಮುಗಿದ ವರ್ಷವೇ ಸಿಗುವುದು, ಅದೂ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುತ್ತಾರೆ ಅಷ್ಟೆ. ಉಳಿದದ್ದನ್ನು ಮುಂದಿನ ಐದು ವರ್ಷ ಎಳೆದುಕೊಂಡು ಹೋಗಬಹುದು. 2025ರಿಂದ ಅದರಲ್ಲಿ 5,000ದವರೆಗೆ ಕೈಗೂ ಬರುವಂತೆ ಮಾಡಿದ್ದಾರೆ. ರೊಕ್ಕ ಬೇಕಾಗುವ ಹೊತ್ತಿಗೆ ಮಾತ್ರ ಅದು ಇರುವುದಿಲ್ಲ.

ಉಳಿದದ್ದಕ್ಕೆ ಸಭೆಯ, ಅಂದರೆ ಚರ್ಚಿನವರ ಮುಂದೆ ಕೈ ಚಾಚಬೇಕಾಯಿತು. ಇದು ನಮಗೆ ತುಂಬಾ ಕಷ್ಟದ ಮಾತು. ನಮ್ಮ ಬಾಸೆಲ್ ಮಿಷನ್ ಚರ್ಚಿನ ಕಡೆಯವರು ಕೊಟ್ಟು ಬೆಳೆದವರು. ನಮ್ಮಜ್ಜಿ ಪ್ರತಿ ದಿನ ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುತ್ತಿದ್ದಳು. ತಿಂಗಳಿಗೊಮ್ಮೆ ಅದು ಗುಡಿಗೆ, ಅಂದರೆ ನಮ್ಮ ಚರ್ಚಿಗೆ ಹೋಗುತ್ತಿತ್ತು. ಸುಗ್ಗಿ ಹಬ್ಬದ ಲಿಲಾವಿನಲ್ಲಿ ಅಪ್ಪ ಒಂದು ಕುಂಬಳಕಾಯಿಗೆ ಸಂತೆಯ ಬೆಲೆಯ ಹತ್ತು ಪಟ್ಟು ಕೂಗಿ ತಲೆ ಮೇಲೆ ಹೊತ್ತು ತರುತ್ತಿದ್ದರು. ಕೇಳುವುದು ನಮಗೆ ಗೊತ್ತಿರಲಿಲ್ಲ.

ಇಲ್ಲಿಯ ನಮ್ಮ ಇಂಗ್ಲಿಷ್ ಸಭೆಯಲ್ಲಿ ದತ್ತುವಿಗೆ ರೊಕ್ಕ ಕೂಡಿಸುವುದು ಮಾಮೂಲು. ಟೀ ಶರ್ಟ್ ಮಾರುತ್ತಾರೆ, ಹಳೆ ಸಾಮಾನು ಮಾರುತ್ತಾರೆ. ಒಬ್ಬ ಅಕ್ಕ ತುಂಬಾ ಪ್ರೀತಿಯಿಂದ ನಮಗೆ ಒಂದು ಪೋಸ್ಟರ್ ಮಾಡಿಕೊಡಲು ಬಂದರು. ಮಗುವಿನ ಫೋಟೋ ಕೊಡಿ, ಅವಳ ಕಥೆ ಎರಡು ಸಾಲಿನಲ್ಲಿ ಬರೆದುಕೊಡಿ, ಜನರ ಮನಸ್ಸು ಕರಗುತ್ತದೆ ಅಂದರು. ಆ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ. ಅವಳನ್ನು ಯಾರು, ಎಲ್ಲಿ, ಯಾಕೆ ಬಿಟ್ಟರು ಅನ್ನುವುದು ಅವಳ ಬಳಿ ಇರುವ ಒಂದೇ ಒಂದು ಸ್ವಂತ ವಸ್ತು. ಅದನ್ನು ಮಾರಿ ಅವಳನ್ನು ಕರೆತರುವುದಾ? ಭಾರತದ ಬಾಲನ್ಯಾಯ ಕಾಯ್ದೆಯಲ್ಲೂ ಇಂಥ ಮಕ್ಕಳ ಗುರುತು ಬಯಲು ಮಾಡುವ ಹಾಗಿಲ್ಲ. ಬೇಡ ಅಂದೆವು. ಫೋಟೋ ಇಲ್ಲದಿದ್ದರೆ ಅರ್ಧ ರೊಕ್ಕವೂ ಬರುವುದಿಲ್ಲ ಅಂದರು. ಬರದಿದ್ದರೆ ಇನ್ನೊಂದು ವರ್ಷ ರಾತ್ರಿ ಪಾಳಿ ಮಾಡುತ್ತೇನೆ ಅಂದೆ.

ಪೋಸ್ಟರಿಗೆ ಗಿರ್ಮಿಟ್ ಪ್ಲೇಟಿನ ಫೋಟೋ ಹಾಕಿದೆವು. ತಿಂಗಳಿಗೊಮ್ಮೆ ಒಬ್ಬರ ಮನೆಯ ಬೇಸ್‌ಮೆಂಟ್‌ನಲ್ಲಿ ಕೂಡುವ ನಮ್ಮ ಕನ್ನಡ ಪ್ರಾರ್ಥನಾ ಕೂಟದ ಹೆಂಗಸರು ಉಳ್ಳಾಗಡ್ಡಿ ಹೆಚ್ಚಿದರು, ಮಂಡಕ್ಕಿಗೆ ಹುಣಸೆಯ ಗೊಜ್ಜು ಕಲಸಿದರು, ಮಿರ್ಚಿ ಕರಿದರು. ಮೂರು ಶನಿವಾರ ಮಾರಿದೆವು. ಹಿಂದೂ ಗೆಳೆಯರು ಬಂದರು, ಕಲಬುರಗಿ ಕಡೆಯ ಒಂದು ಮುಸ್ಲಿಂ ಕುಟುಂಬ ಮೂರು ವಾರವೂ ಬಂತು. 3,140 ಡಾಲರ್ ಆಯಿತು. ಊರಿನಿಂದ ಸ್ತ್ರೀಯರ ಅನ್ಯೋನ್ಯ ಕೂಟದವರು ಅವ್ವನ ಕೈಯಲ್ಲಿ 2,150 ರೂಪಾಯಿ ಕೊಟ್ಟಿಟ್ಟಿದ್ದರು. ಆ ಹತ್ತು, ಐವತ್ತರ ನೋಟುಗಳನ್ನು ಡಾಲರ್ ಮಾಡಲು ನನಗೆ ಮನಸ್ಸು ಬರಲಿಲ್ಲ. ಗದಗಿನ ಪೇಟೆಯಲ್ಲಿ ಮಗಳಿಗೆ ಮೊದಲ ಜೊತೆ ಚಪ್ಪಲಿ ಮತ್ತು ಎರಡು ಫ್ರಾಕ್ ಅದರಲ್ಲೇ ತಗೊಂಡೆ.

ಕೊಟ್ಟವರಿಗೆ ಒಂದು ಹಕ್ಕು ಬಂದ ಹಾಗೆ ಅನ್ನಿಸುತ್ತದೆ, ಇದನ್ನೂ ಹೇಳಬೇಕು. ಮಗಳು ಬಂದ ಎರಡನೇ ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬರು ಅವಳ ತಲೆ ಸವರಿ, ನಿನ್ನನ್ನು ದೇವರು ಎಂಥ ಜಾಗದಿಂದ ಉಳಿಸಿ ತಂದ ನೋಡು ಅಂದರು. ಅವಳಿಗೆ ಇಂಗ್ಲಿಷ್ ತಿಳಿಯುತ್ತಿರಲಿಲ್ಲ, ಆ ದಿನಕ್ಕೆ ಅದೇ ಒಳ್ಳೆಯದಾಯಿತು. ಅವಳು ಬಂದ ಜಾಗದಲ್ಲಿ ಅವಳನ್ನು ಎತ್ತಿ ಆಡಿಸಿದ ಆಯಾ ಇದ್ದಳು, ಹಾಡು ಕಲಿಸಿದವರು ಇದ್ದರು. ಅದಕ್ಕೂ ಮೊದಲು ಅವಳನ್ನು ಹೆತ್ತ ಒಬ್ಬ ತಾಯಿ ಇದ್ದಾಳೆ. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಕಾನೂನು 60 ದಿನ ಕೊಡುತ್ತದೆ. ಅಂಥ 60 ದಿನ ಕಳೆಯುವ ಯಾವುದೋ ಹೆಣ್ಣುಮಗಳ ಕೈಯಲ್ಲಿ ನಾವು ವಿಮಾನಕ್ಕೆ ಕೊಟ್ಟಷ್ಟು ರೊಕ್ಕ ಇದ್ದಿದ್ದರೆ? ಈ ಯೋಚನೆ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಸಾಲ ತೀರಿದ ಮೇಲೂ ಆ ರಾತ್ರಿ ಪಾಳಿ ಬಿಟ್ಟಿಲ್ಲ. ಆ ಸಂಬಳ ಊರಿನ ಕಡೆ ಒಂಟಿ ತಾಯಂದಿರು ತಮ್ಮ ಮಕ್ಕಳನ್ನು ತಾವೇ ಇಟ್ಟುಕೊಳ್ಳಲು ಸಹಾಯ ಮಾಡುವವರಿಗೆ ಹೋಗುತ್ತದೆ.

ರೊಕ್ಕ ಕಟ್ಟಿದರೆ ಮಗು ಬಂದೇ ಬರುತ್ತದೆ ಅಂತಲೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಚೀನಾ ವಿದೇಶಿ ದತ್ತುವನ್ನೇ ನಿಲ್ಲಿಸಿತು. ಮಗುವಿನ ಫೋಟೋ ಗೋಡೆಗೆ ಹಾಕಿಕೊಂಡು ಕೊರೋನಾ ಕಾಲದಿಂದ ಕಾಯುತ್ತಿದ್ದ ಅಮೆರಿಕದ ಮನೆಗಳು ಹಾಗೇ ಉಳಿದವು. 2004ರಲ್ಲಿ ಹೊರದೇಶಗಳಿಂದ ಅಮೆರಿಕಕ್ಕೆ ದತ್ತು ಬಂದ ಮಕ್ಕಳು ಸುಮಾರು 23 ಸಾವಿರ. 2023ರಲ್ಲಿ 1,275.

ಮತ್ತೆ ಅವ್ವನ ಪ್ರಶ್ನೆಗೆ ಬರುತ್ತೇನೆ. ಕೂಸಿಗೆ ಅಲ್ಲದಿದ್ದರೆ ಅಷ್ಟು ರೊಕ್ಕ ಯಾತಕ್ಕೆ? ಕಾಗದಕ್ಕೆ. ಹೆಚ್ಚುಕಮ್ಮಿ ಎಲ್ಲವೂ ಕಾಗದಕ್ಕೇ. ಇಷ್ಟೊಂದು ಕಾಗದ ಯಾಕೆ ಅಂತ ನಾನೂ ಮೊದಲು ಗೊಣಗುತ್ತಿದ್ದೆ. ಆದರೆ ನಮ್ಮ ಮನೆತನದಲ್ಲೇ ಕಾಗದ ಇಲ್ಲದ ಒಬ್ಬ ಮಗ ಇದ್ದಾನೆ.

ನಮ್ಮ ದೊಡ್ಡಪ್ಪ-ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಆಸ್ಪತ್ರೆಯಲ್ಲಿ ಬಿಟ್ಟುಹೋಗಿದ್ದ ಒಂದು ಗಂಡುಕೂಸನ್ನು ತಂದು ಸಾಕಿದರು. ದೀಕ್ಷಾಸ್ನಾನ ಕೊಡಿಸಿದರು, ಮಗ ಅಂತಲೇ ಬೆಳೆಸಿದರು. ನಾವೆಲ್ಲ ಅವನನ್ನು ಅಣ್ಣ ಅಂತಲೇ ಕರೆಯುತ್ತೇವೆ. ಆದರೆ ಆಗಿನ ಕಾನೂನಿನಲ್ಲಿ ಕ್ರೈಸ್ತರಿಗೆ ದತ್ತು ಅನ್ನುವುದೇ ಇರಲಿಲ್ಲ. 1956ರ ದತ್ತು ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ. ಕ್ರೈಸ್ತರು, ಮುಸ್ಲಿಮರು, ಪಾರ್ಸಿಗಳು 1890ರ ಕಾಯ್ದೆಯ ಕೆಳಗೆ ಬರೀ ಪಾಲಕರಾಗಬಹುದಿತ್ತು. ಮಗು ವಯಸ್ಸಿಗೆ ಬಂದ ಕೂಡಲೇ ಕಾನೂನಿನಲ್ಲಿ ಆ ಸಂಬಂಧ ಮುಗಿಯುತ್ತಿತ್ತು. ಎಲ್ಲರಿಗೂ ಒಂದೇ ದತ್ತು ಕಾನೂನು ತರಲು 1972ರಲ್ಲಿ, 1980ರಲ್ಲಿ ಸಂಸತ್ತಿನಲ್ಲಿ ಮಸೂದೆ ಬಂತು, ಎರಡೂ ದಡ ಸೇರಲಿಲ್ಲ.

ದೊಡ್ಡವ್ವ ಮೊದಲು ಹೋದಳು. 1991ರಲ್ಲಿ ದೊಡ್ಡಪ್ಪ ಹೋದರು, ಮೃತ್ಯುಪತ್ರ ಬರೆದಿರಲಿಲ್ಲ. ತಮ್ಮಂದಿರು ಮನೆ ಹಂಚಿಕೊಂಡರು. ಅಣ್ಣನಿಗೆ ಒಂದು ಟ್ರಂಕು, ಒಂದು ಸೈಕಲ್ ಕೊಟ್ಟರು. ಪಾಲು ತಗೊಂಡವರಲ್ಲಿ ನಮ್ಮಪ್ಪನೂ ಒಬ್ಬರು. ನಾನು ನರ್ಸಿಂಗ್ ಓದಿದ್ದು ಆ ರೊಕ್ಕದಲ್ಲಿ. ಇದನ್ನು ಇಷ್ಟು ಬಿಚ್ಚಿ ನಾನು ಎಲ್ಲೂ ಬರೆದಿಲ್ಲ. ಅವ್ವ ವಿಡಿಯೋ ಕಾಲ್‌ನಲ್ಲಿ ಕಣ್ಣು ತಿರುಗಿಸಿದಾಗ ಅವಳ ತಲೆಯಲ್ಲಿ ಇದೂ ಇತ್ತು ಅಂತ ನನಗೆ ಗೊತ್ತು.

2000ದ ಬಾಲನ್ಯಾಯ ಕಾಯ್ದೆ, ಅದಕ್ಕೆ 2006ರ ತಿದ್ದುಪಡಿ ಬಂದ ಮೇಲೆ ಯಾವ ಧರ್ಮದವರೂ ಪೂರ್ತಿ ಮಗ, ಮಗಳು ಅಂತಲೇ ದತ್ತು ತಗೊಳ್ಳುವಂತಾಯಿತು. 2014ರಲ್ಲಿ ಶಬನಂ ಹಾಶ್ಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಡಿಸಿ ಹೇಳಿತು. ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ ದತ್ತುವಿನ ಮಾತು ಬಂದ ಕೂಡಲೇ ಬಾಧ್ಯರು ಅನ್ನುವ ಮಾತೂ ಬರುತ್ತದೆ. ಬಾಧ್ಯರು ಅಂದರೆ ವಾರಸುದಾರರು. ಚಿಕ್ಕವಳಿದ್ದಾಗ ಸಂಡೇ ಸ್ಕೂಲಿನಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ. ಅದೇ ವಾರದಲ್ಲಿ ಅಣ್ಣನ ಟ್ರಂಕು ನಮ್ಮ ಪಡಸಾಲೆಯಿಂದ ಹೊರಗೆ ಹೋಗಿದ್ದನ್ನೂ ನೋಡಿದ್ದೆ. ಎರಡನ್ನೂ ಕೂಡಿಸಿ ನೋಡಲು ನನಗೆ ಮೂವತ್ತು ವರ್ಷ ಬೇಕಾಯಿತು.

ನಮ್ಮ ಕಡತ ಮೊದಲು ಕೋರ್ಟಿನಲ್ಲಿತ್ತು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಬಂದಾಗ ಅದು ಡಿಸಿ ಆಫೀಸಿಗೆ ಹೋಯಿತು. ಆ ನಡುವೆ ಐದು ತಿಂಗಳು ಏನೂ ಸುದ್ದಿ ಇರಲಿಲ್ಲ. ಕೊನೆಗೆ 2023ರಲ್ಲಿ ಆದೇಶ ಬಂತು. ಮಗಳನ್ನು ಕರೆದುಕೊಂಡು ದೆಹಲಿಗೆ ಹೋಗುವ ಮೊದಲು ಬೆಟಗೇರಿಯಲ್ಲಿ ನಾಲ್ಕು ದಿನ ಇದ್ದೆವು.

ಎರಡನೇ ದಿನ ಸಂಜೆ ಅಣ್ಣ ಬಂದ. ಅವನಿಗೀಗ ಅರವತ್ತರ ಹತ್ತಿರ, ಗದಗಿನಲ್ಲಿ ಟೆಂಪೋ ಓಡಿಸುತ್ತಾನೆ. ಮಗಳಿಗೆ ಒಂದು ಪ್ಯಾಕೆಟ್ ಬೆಣ್ಣೆ ಬಿಸ್ಕತ್ತು ತಂದಿದ್ದ. ಅವಳು ಅವನ ಎದುರು ಕೂತು ಒಂದೊಂದೇ ತಿಂದಳು. ಅವ್ವ ಚಹಾ ತಂದಿಟ್ಟು ಒಳಗೆ ಹೋದಳು, ಬಾಗಿಲ ಹಿಂದೆಯೇ ನಿಂತಿದ್ದಳು. ಅಣ್ಣ ಕೇಳಿದ, "ಆರ್ಡರ್ ಐತಲ್ಲ, ನೋಡ್ಲಿ?" ಫೈಲ್ ತೆಗೆದು ಕೊಟ್ಟೆ. ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡ. ಬೆರಳಿಟ್ಟು ಓದಿದ, ತಂದೆಯ ಹೆಸರು, ತಾಯಿಯ ಹೆಸರು, ಮಗುವಿನ ಹೆಸರು. ಹಾಳೆ ತಿರುಗಿಸಿ ಸೀಲು ನೋಡಿದ. ಮತ್ತೆ ಮೊದಲಿನಿಂದ ಓದಿದ.

"ಝೆರಾಕ್ಸ್ ಮಾಡಿಸಿಟ್ಟೀಯಿಲ್ಲ?" ಅಂದ.

ಇನ್ನೂ ಇಲ್ಲ ಅಣ್ಣಾ ಅಂದೆ.

"ನಡಿ."

ಮೂವರೂ ಟೆಂಪೋದಲ್ಲಿ ಹೋದೆವು. ಮಗಳು ನಡುವೆ ಕೂತು ಹೊಸ ಚಪ್ಪಲಿ ನೋಡಿಕೊಳ್ಳುತ್ತಿದ್ದಳು. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಅಣ್ಣ ನಾಲ್ಕು ಕಾಪಿ ತೆಗೆಸಿದ, ಅಕ್ಷರ ಸರಿಯಾಗಿ ಮೂಡಿದೆಯಾ ಅಂತ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಒಂದರಲ್ಲಿ ಸೀಲು ಮಸುಕಾಗಿತ್ತು, ಮತ್ತೆ ತೆಗೆಸಿದ. ನಾನು ಪರ್ಸ್ ತೆಗೆದೆ. ಅವನು ನನ್ನ ಕೈ ಸರಿಸಿ, ಅಂಗಡಿಯವನಿಗೆ ಇಪ್ಪತ್ತರ ನೋಟು ಕೊಟ್ಟ.